ಸಾಲು ತಪ್ಪದ ಸಾರಥಿ

ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನಲ್ಲಿ ಮೋರಟಗಿ ಎಂಬ ಊರಿದೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಕಾಲಕ್ಕೆ ತಕ್ಕಂತೆ ಬಿಳಿಜೋಳ, ತೊಗರಿ, ಹತ್ತಿ. ಈಚೆಗೆ ಆ ಊರಿನ ಪರಿಚಿತರೊಬ್ಬರ ಮನೆಯಲ್ಲಿ ಒಂದು ಸಂಜೆಯನ್ನು ಕಳೆಯುವ ಸಂದರ್ಭ ನನಗೆ ಒದಗಿತು. ಪಡಸಾಲೆಯ ಮೂಲೆಯಲ್ಲಿ, ಕಾಲೇಜಿನಲ್ಲಿ ಓದುತ್ತಿರುವ ಅವರ ಮಗನು ಕಂಪ್ಯೂಟರಿನ ಮುಂದೆ ಕುಳಿತಿದ್ದನು. ಮೇಜಿಗೆ ಒಂದು ಸ್ಟಿಯರಿಂಗ್ ಚಕ್ರವನ್ನು ಬಿಗಿದು, ಕಾಲಬುಡದಲ್ಲಿ ಪೆಡಲುಗಳನ್ನಿಟ್ಟುಕೊಂಡು, ಪರದೆಯ ಮೇಲಿನ ಪಂದ್ಯದ ಕಾರನ್ನು ಓಡಿಸುತ್ತಿದ್ದನು. ಎರಡು ತಿರುವುಗಳನ್ನು ಸೊಗಸಾಗಿ ದಾಟುವನು. ಮೂರನೆಯದರಲ್ಲಿ ಕಾರು ಹಾದಿ ಬಿಟ್ಟು ಹುಲ್ಲಿಗೆ ಇಳಿಯುವುದು. ಕೂಡಲೇ ಅವನು ಒಂದು ಗುಂಡಿಯನ್ನು ಒತ್ತುವನು. ಕಾರು ಹೊರಟ ಜಾಗಕ್ಕೇ ಬಂದು ನಿಲ್ಲುವುದು. ಅರ್ಧ ಗಂಟೆಯಲ್ಲಿ ಹೀಗೆ ಇಪ್ಪತ್ತು ಸಲವಾದರೂ ಆಗಿರಬೇಕು.

ಗೋಡೆಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದ ಅವನ ಅಜ್ಜ ಕೊನೆಗೆ ಬಾಯಿ ತೆರೆದರು.

“ತಮ್ಮಾ, ಎಷ್ಟ ಸಲ ಹೊಸದಾಗಿ ಹೊಲಕ್ಕ ಇಳೀತಿ? ಇನ್ನೂ ಒಂದು ಸಾಲೂ ಬದುವಿಗೆ ಮುಟ್ಟಿಲ್ಲಲ್ಲ!”

“ತಿರುವಿನ್ಯಾಗ ತಪ್ಪಿತು ಮುತ್ಯಾ. ಮತ್ತ ಮೊದಲಿಂದ ಹೊಡೀತೀನಿ.”

“ಸಾಲು ಸೊಟ್ಟಾದ್ರ ನಾವೇನು ಎತ್ತು ಹೊಳ್ಳಿಸಿಕೊಂಡು ಮನಿಗೆ ಹೋಗ್ತಿದ್ದಿಲ್ಲ.”

ಹುಡುಗನು ನಕ್ಕನು, ನಾನೂ ನಕ್ಕೆನು. ಆದರೆ ಹಿಂದಿರುಗುವ ದಾರಿಯಲ್ಲಿ ಯೋಚಿಸಿದಷ್ಟೂ, ಕೂರಿಗೆ ಹಿಡಿದು ಬಾಳಿದ ಆ ಹಿರಿಯರ ಮಾತಿನಲ್ಲಿ ಅಭ್ಯಾಸದ ವಿಜ್ಞಾನವೇ ಅಡಗಿದೆಯೆಂದು ನನಗೆ ತೋರಿತು. ಅದನ್ನು ತರುಣ ಓದುಗರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸೋಣ. ಹುಡುಗನು ಬಳಸುತ್ತಿದ್ದ ಸಾಧನಕ್ಕೆ ಸಿಮ್ಯುಲೇಟರ್ ಎಂದು ಹೆಸರು; ಅನುಕರಣ ಯಂತ್ರವೆಂದು ಕರೆಯಬಹುದು. ಇದು ಬರಿಯ ಆಟಿಕೆಯೆಂದು ಮೂಗು ಮುರಿಯುವ ಹಿರಿಯರುಂಟು. ನಾನು ಆ ಪಕ್ಷದವನಲ್ಲ. ಅಮೆರಿಕದಲ್ಲಿ ಆರ್ಗನ್ ವಾದ್ಯಗಳನ್ನು ತಯಾರಿಸುತ್ತಿದ್ದ ಮನೆತನದ ಎಡ್ವಿನ್ ಲಿಂಕ್ ಎಂಬಾತನು, ಆ ವಾದ್ಯದ ತಿದಿಗಳನ್ನೇ ಉಪಯೋಗಿಸಿಕೊಂಡು, ನೆಲದ ಮೇಲೆ ನಿಂತೇ ವಿಮಾನದಂತೆ ಓಲಾಡುವ ಯಂತ್ರವೊಂದನ್ನು 1929ರಲ್ಲಿ ನಿರ್ಮಿಸಿದನು. ಮೊದಮೊದಲು ಅದು ವಿನೋದದ ಉದ್ಯಾನಗಳಲ್ಲಿ ಆಟದ ವಸ್ತುವಾಗಿಯೇ ಮಾರಾಟವಾಯಿತು. 1934ರಲ್ಲಿ ಅಮೆರಿಕದ ಸೈನ್ಯವು ವಿಮಾನದಲ್ಲಿ ಅಂಚೆ ಸಾಗಿಸುವ ಹೊಣೆಯನ್ನು ಹೊತ್ತು, ಕೆಟ್ಟ ಹವೆಯಲ್ಲಿ ಹಲವು ವೈಮಾನಿಕರನ್ನು ಕಳೆದುಕೊಂಡಿತು. ಆಗ ಆ ‘ಆಟಿಕೆ’ಯ ಬೆಲೆ ತಿಳಿದು, ಸೈನ್ಯವು ಆರು ಯಂತ್ರಗಳನ್ನು ಕೊಂಡಿತು. ನಮ್ಮ ನಾಡಿನಲ್ಲಿಯೇ ನೋಡಿ. ಮುಂದೆ ತೇಜಸ್ ಎಂಬ ಹೆಸರು ಪಡೆದ ಹಗುರ ಯುದ್ಧವಿಮಾನವು 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಆಕಾಶಕ್ಕೇರಿತು. ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಅದನ್ನು ಹಾರಿಸಿದರು. ಅದುವರೆಗೆ ಯಾರೂ ಹಾರಿಸದಿದ್ದ ವಿಮಾನದ ನಡತೆಯನ್ನು ಪರೀಕ್ಷಾ ವೈಮಾನಿಕರು ಮುಂಚಿತವಾಗಿ ಅರಿತದ್ದು ನೆಲದ ಮೇಲಿನ ಅನುಕರಣ ಯಂತ್ರದಲ್ಲಿ.

ಮೋಟಾರು ಪಂದ್ಯಗಳಲ್ಲಿಯೂ ಹೀಗೆಯೇ. ಫಾರ್ಮುಲಾ 1 ಪಂದ್ಯಗಳ ಋತುವಿನ ನಡುವೆ ನಿಜವಾದ ಕಾರುಗಳಲ್ಲಿ ಅಭ್ಯಾಸ ಮಾಡುವುದಕ್ಕೆ 2009ರಿಂದ ಬಿಗಿಯಾದ ನಿರ್ಬಂಧ ಬಂದ ಮೇಲೆ, ಸಿಮ್ಯುಲೇಟರುಗಳ ಪ್ರಾಮುಖ್ಯ ಬಹಳ ಹೆಚ್ಚಿತು. ‘ಗ್ರಾನ್ ಟುರಿಸ್ಮೊ’ ಎಂಬ ಆಟದಲ್ಲಿ ನುರಿತವರಿಗಾಗಿ ಏರ್ಪಡಿಸಿದ್ದ ಸ್ಪರ್ಧೆಯನ್ನು 2011ರಲ್ಲಿ ಗೆದ್ದ ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ ಎಂಬ ತರುಣನು, 2013ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆಯುವ 24 ಗಂಟೆಗಳ ಪಂದ್ಯದಲ್ಲಿ ನಿಜವಾದ ಕಾರನ್ನು ಓಡಿಸಿದನು. ಆದುದರಿಂದ ಮೋರಟಗಿಯ ಹುಡುಗನು ಹಿಡಿದಿದ್ದ ಚಕ್ರವು ಕಲಿಕೆಯ ಸಾಧನವಾಗಬಲ್ಲುದೆಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನ ಆಕ್ಷೇಪಣೆಯಿರುವುದು ಆ ಇನ್ನೊಂದು ಗುಂಡಿಯ ವಿಷಯದಲ್ಲಿ, ಮತ್ತೆ ಮೊದಲಿನಿಂದ ಹೊರಡಿಸುವ ಗುಂಡಿಯ ವಿಷಯದಲ್ಲಿ.

ಆ ಗುಂಡಿಯನ್ನು ಒತ್ತುವವನು ಹುಡುಕುತ್ತಿರುವುದು ಏನನ್ನು? ಒಂದೇ ಒಂದು ಅತಿವೇಗದ ಸುತ್ತನ್ನು. ಅದು ಸಿಕ್ಕಿದರೆ ಗೆಳೆಯರಿಗೆ ತೋರಿಸಬಹುದು. ಆದರೆ ಒಂದು ಸುತ್ತು ಚಾಲಕನ ಅಳತೆಯಾಗಲಾರದು. ಇಬ್ಬರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳಿ. ಮೊದಲನೆಯವನು ಐದು ಸುತ್ತುಗಳನ್ನು ಕ್ರಮವಾಗಿ 98.0, 103.5, 99.2, 105.8 ಮತ್ತು 98.5 ಸೆಕೆಂಡುಗಳಲ್ಲಿ ಮುಗಿಸಿದನು. ಎರಡನೆಯವನು 100.2, 100.4, 99.9, 100.3 ಮತ್ತು 100.2 ಸೆಕೆಂಡುಗಳಲ್ಲಿ ಮುಗಿಸಿದನು. ಅತ್ಯುತ್ತಮ ಸುತ್ತನ್ನು ಮಾತ್ರ ನೋಡಿದರೆ ಮೊದಲನೆಯವನೇ ಸುಮಾರು ಎರಡು ಸೆಕೆಂಡು ಮುಂದೆ. ಕೂಡಿಸಿ ನೋಡಿ: ಮೊದಲನೆಯವನ ಒಟ್ಟು ಕಾಲ 505 ಸೆಕೆಂಡು, ಎರಡನೆಯವನದು 501. ಪಂದ್ಯದಲ್ಲಿ ಗೆಲ್ಲುವವನು ಎರಡನೆಯವನು. ಮೊದಲನೆಯವನ ಕಾಲಗಳ ಹರಹು 7.8 ಸೆಕೆಂಡು, ಎರಡನೆಯವನದು ಕೇವಲ ಅರ್ಧ ಸೆಕೆಂಡು. ಗಣಿತದ ತರಗತಿಯಲ್ಲಿ ನೀವು ಕಲಿಯುವ ಮಾನಕ ವಿಚಲನೆಯನ್ನು ಲೆಕ್ಕ ಹಾಕಿದರೆ, ಒಬ್ಬನದು ಸುಮಾರು 3.1, ಇನ್ನೊಬ್ಬನದು ಸುಮಾರು 0.17 ಎಂದು ಬರುತ್ತದೆ. ಸರಾಸರಿಯು ನಾವು ಎಲ್ಲಿದ್ದೇವೆಂಬುದನ್ನು ಹೇಳಿದರೆ, ಹರಹು ನಮ್ಮನ್ನು ಎಷ್ಟು ನಂಬಬಹುದೆಂಬುದನ್ನು ಹೇಳುತ್ತದೆ.

“ಇರಲಿ, ಆದರೆ ಸಮನಾಗಿ ನಿಧಾನವಾಗಿ ಓಡಿಸುವುದರಲ್ಲಿ ಏನು ಹೆಚ್ಚಳ?” ಎಂದು ನೀವು ಕೇಳಬಹುದು. ಇಲ್ಲಿಯೇ ಭೌತಶಾಸ್ತ್ರವು ಒಂದು ಸ್ವಾರಸ್ಯವಾದ ಉತ್ತರವನ್ನು ಕೊಡುತ್ತದೆ. ಕಾರು ಗಂಟೆಗೆ 180 ಕಿಲೋಮೀಟರ್, ಅಂದರೆ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬರುತ್ತಿದೆಯೆಂದುಕೊಳ್ಳಿ. ಮುಂದಿನ ತಿರುವಿನ ತ್ರಿಜ್ಯ 40 ಮೀಟರ್. ಟೈರಿಗೂ ನೆಲಕ್ಕೂ ನಡುವಣ ಘರ್ಷಣೆಯು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 10 ಮೀಟರಿನಷ್ಟು ವೇಗೋತ್ಕರ್ಷವನ್ನು ಮಾತ್ರ ಒದಗಿಸಬಲ್ಲುದು. ಬ್ರೇಕು ಹಾಕುವಾಗಲೂ ಅಷ್ಟೆ, ತಿರುಗುವಾಗಲೂ ಅಷ್ಟೆ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ತಿರುಗಲು ಬೇಕಾದ ಕೇಂದ್ರಾಭಿಮುಖ ವೇಗೋತ್ಕರ್ಷ ದೊರೆಯುತ್ತದೆಯಷ್ಟೆ. ಆ ಲೆಕ್ಕದಂತೆ ಈ ತಿರುವನ್ನು ಹೊಗಬಹುದಾದ ಪರಮಾವಧಿ ವೇಗ ಸೆಕೆಂಡಿಗೆ 20 ಮೀಟರ್, ಎಂದರೆ ಗಂಟೆಗೆ 72 ಕಿಲೋಮೀಟರ್. ಐವತ್ತರಿಂದ ಇಪ್ಪತ್ತಕ್ಕೆ ಇಳಿಯಲು 105 ಮೀಟರ್ ದೂರ ಬೇಕು.

ಈಗ ಚಾಲಕನು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ ತಡಮಾಡಿ ಬ್ರೇಕು ಹಾಕಿದನೆನ್ನಿ. ಅಷ್ಟರಲ್ಲಿ ಕಾರು 5 ಮೀಟರ್ ಮುಂದೆ ಬಂದಿರುತ್ತದೆ. ತಿರುವಿನ ಬಾಯಿಗೆ ಬಂದಾಗ ಅದರ ವೇಗ ಗಂಟೆಗೆ 72ರ ಬದಲು ಸುಮಾರು 80 ಕಿಲೋಮೀಟರ್. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ವೇಗದ ವರ್ಗವು ಲೆಕ್ಕಕ್ಕೆ ಬರುವುದರಿಂದ, ತಿರುಗಲು ಬೇಕಾದ ಬಲವು ಕಾಲುಭಾಗದಷ್ಟು ಹೆಚ್ಚಿರುತ್ತದೆ. ಅಷ್ಟು ಬಲವನ್ನು ಟೈರು ಕೊಡಲಾರದು. ಕಾರು ಹುಲ್ಲಿಗೆ ಇಳಿಯುತ್ತದೆ. ಅದೇ ಚಾಲಕನು 5 ಮೀಟರ್ ಮುಂಚಿತವಾಗಿ ಬ್ರೇಕು ಹಾಕಿದ್ದರೆ? ಆ 5 ಮೀಟರನ್ನು 50ರ ವೇಗದ ಬದಲು 20ರ ವೇಗದಲ್ಲಿ ಕ್ರಮಿಸಬೇಕಾಗುತ್ತಿತ್ತು. ನಷ್ಟ 0.15 ಸೆಕೆಂಡು ಮಾತ್ರ. ಒಂದು ಕಡೆ ತಪ್ಪಿದರೆ ಕಾಸಿನಷ್ಟು ದಂಡ. ಇನ್ನೊಂದು ಕಡೆ ತಪ್ಪಿದರೆ ಮನೆಯನ್ನೇ ಮಾರಬೇಕು.

ಇದರಿಂದ ಹೊರಡುವ ತೀರ್ಮಾನವನ್ನು ಗಮನಿಸಿ. ಬ್ರೇಕು ಹಾಕುವ ಜಾಗದಲ್ಲಿ ಪ್ರತಿ ಸಲ ಐದಾರು ಮೀಟರು ಹಿಂದುಮುಂದಾಗುವವನು, ಬದುಕಿ ಉಳಿಯಬೇಕಾದರೆ, ಎಲ್ಲೆಯಿಂದ ಅಷ್ಟು ದೂರದಲ್ಲಿಯೇ ಇರಬೇಕು. ಒಂದು ಮೀಟರಿಗಿಂತ ಹೆಚ್ಚು ತಪ್ಪದವನು ಎಲ್ಲೆಯ ಒಂದು ಮೀಟರಿನ ಹತ್ತಿರಕ್ಕೆ ಧೈರ್ಯವಾಗಿ ಹೋಗಬಹುದು. ಎಂದರೆ ಏಕರೂಪತೆಯು ವೇಗಕ್ಕೆ ಶತ್ರುವಲ್ಲ. ವೇಗಕ್ಕೆ ಅದೇ ತಳಹದಿ.

ಮೋರಟಗಿಯ ಒಕ್ಕಲಿಗರಿಗೆ ಈ ತತ್ತ್ವ ಹೊಸದಲ್ಲ. ಕೂರಿಗೆಯ ತಾಳುಗಳು ಎಳೆದ ಸಾಲುಗಳು ನೇರವಾಗಿ, ಸಮಾನ ಅಂತರದಲ್ಲಿ ಇದ್ದರೆ, ಮುಂದೆ ಕಳೆ ತೆಗೆಯುವಾಗ ಎಡೆಕುಂಟೆಯ ಅಲಗನ್ನು ಪೈರಿನ ಬುಡದ ಹತ್ತಿರದವರೆಗೆ ಹಾಯಿಸಬಹುದು. ಸಾಲು ಸೊಟ್ಟಗಿದ್ದರೆ ಒಂದೋ ಪೈರು ಕೊಯ್ದುಹೋಗುತ್ತದೆ, ಇಲ್ಲವೇ ಕಳೆ ಉಳಿಯುತ್ತದೆ. ಸಾಲಿನ ಅಂದಕ್ಕಾಗಿ ಯಾರೂ ನೇರವಾಗಿ ಬಿತ್ತುವುದಿಲ್ಲ. ಮುಂದಿನ ಕೆಲಸವೆಲ್ಲ ಅದನ್ನು ನೆಚ್ಚಿರುವುದರಿಂದ ಬಿತ್ತುತ್ತಾರೆ. ಇಂದು ಎತ್ತಿನ ಬದಲು ಟ್ರ್ಯಾಕ್ಟರು ಕೂರಿಗೆಯನ್ನು ಎಳೆಯುವ ಹೊಲಗಳೂ ಬೇಕಾದಷ್ಟಿವೆ; ನಿಯಮ ಮಾತ್ರ ಬದಲಾಗಿಲ್ಲ.

ಅತಿ ಶ್ರೇಷ್ಠ ಚಾಲಕರೂ ಈ ನಿಯಮಕ್ಕೆ ಹೊರತಲ್ಲ. 1988ರಲ್ಲಿ ಮೊನಾಕೊ ನಗರದ ಬೀದಿಗಳಲ್ಲಿ ನಡೆದ ಪಂದ್ಯದಲ್ಲಿ ಬ್ರೆಜಿಲಿನ ಐರ್ಟನ್ ಸೆನ್ನಾ ಎಲ್ಲರಿಗಿಂತ ಬಹಳ ಮುಂದಿದ್ದನು. ಅರ್ಹತೆಯ ಸುತ್ತಿನಲ್ಲಿ, ಅದೇ ಬಗೆಯ ಕಾರನ್ನು ಓಡಿಸಿದ ಅಲೈನ್ ಪ್ರಾಸ್ಟ್‌ನನ್ನು ಸುಮಾರು 1.4 ಸೆಕೆಂಡುಗಳಿಂದ ಹಿಂದಿಕ್ಕಿದ್ದನು. ಪಂದ್ಯದಲ್ಲಿ ಹತ್ತಿರ ಹತ್ತಿರ ಒಂದು ನಿಮಿಷದ ಮುನ್ನಡೆಯಿದ್ದಾಗ, 78 ಸುತ್ತುಗಳಲ್ಲಿ 67ನೆಯದರಲ್ಲಿ, ಏಕಾಗ್ರತೆ ಕದಲಿ ಕಾರು ತಡೆಗೋಡೆಗೆ ಬಡಿಯಿತು. ಗೆದ್ದವನು ಪ್ರಾಸ್ಟ್. ಅದೇ ಬೀದಿಗಳಲ್ಲಿ 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಕುಶ್ ಮೈನಿ ಫಾರ್ಮುಲಾ 2ರ ಕಿರುಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಮುಂದಿದ್ದು ಗೆದ್ದರು. ಗೋಡೆಗಳ ನಡುವಣ ಆ ಕಿರಿದಾದ ಹಾದಿಯಲ್ಲಿ ಮುಂದಿರುವವನಿಗೆ ಬೇಕಾದುದು ಒಂದು ಅದ್ಭುತ ಸುತ್ತಲ್ಲ. ಒಂದರಂತೆ ಇನ್ನೊಂದು ಸುತ್ತು.

ಹಾಗಾದರೆ ಈ ಹದವನ್ನು ಸಾಧಿಸುವುದು ಹೇಗೆ? ಬರಿಯ ಪುನರಾವೃತ್ತಿಯಿಂದ ಸಾಧ್ಯವಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಕಳೆದ ಶತಮಾನದ ಮೊದಲ ಭಾಗದಲ್ಲಿ ಮಾಡಿದ ಒಂದು ಸರಳ ಪ್ರಯೋಗವನ್ನು ನೀವು ಮನೆಯಲ್ಲಿಯೇ ಮಾಡಿ ನೋಡಬಹುದು. ಕಣ್ಣು ಕಟ್ಟಿಕೊಂಡು, 10 ಸೆಂಟಿಮೀಟರ್ ಉದ್ದವೆಂದು ನಿಮಗೆ ತೋರುವ ಐವತ್ತು ಗೆರೆಗಳನ್ನು ಕಾಗದದ ಮೇಲೆ ಎಳೆಯಿರಿ. ಯಾರೂ ಏನನ್ನೂ ಹೇಳದಿದ್ದರೆ, ಐವತ್ತನೆಯ ಗೆರೆಯು ಮೊದಲನೆಯದಕ್ಕಿಂತ ಉತ್ತಮವಾಗಿರುವುದೆಂಬ ಭರವಸೆಯಿಲ್ಲ. ಈಗ ಪಕ್ಕದಲ್ಲಿ ಗೆಳೆಯನೊಬ್ಬನು ಅಳತೆಪಟ್ಟಿ ಹಿಡಿದು ಪ್ರತಿ ಗೆರೆಗೂ “ಒಂದು ಸೆಂಟಿಮೀಟರ್ ಹೆಚ್ಚು”, “ಅರ್ಧ ಕಡಿಮೆ” ಎಂದು ಹೇಳುತ್ತಿರಲಿ. ಗೆರೆಗಳು ಬೇಗನೆ ಹತ್ತರ ಸುತ್ತ ನೆರೆಯುತ್ತವೆ. ಕೈಯನ್ನು ತಿದ್ದುವುದು ಆವೃತ್ತಿಗಳ ಸಂಖ್ಯೆಯಲ್ಲ. ಪ್ರತಿ ಆವೃತ್ತಿಯ ಫಲದ ತಿಳಿವಳಿಕೆ. ಗುಂಡಿಯನ್ನು ಒತ್ತಿ ತಪ್ಪನ್ನು ಅಳಿಸಿಹಾಕುವವನು ಈ ತಿಳಿವಳಿಕೆಯನ್ನೇ ಅಳಿಸಿಹಾಕುತ್ತಾನೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಭ್ಯಾಸಕ್ಕೆ ಕೆಲವು ಸೂತ್ರಗಳನ್ನು ಸೂಚಿಸುತ್ತೇನೆ. ಮೊದಲನೆಯದು: ಹತ್ತು ಸುತ್ತುಗಳಿಗೆ ಕುಳಿತರೆ ಹತ್ತನ್ನೂ ಮುಗಿಸಬೇಕು. ಕಾರು ಹುಲ್ಲಿಗೆ ಇಳಿದರೆ ನಿಧಾನವಾಗಿ ಹಾದಿಗೆ ತಂದು ಮುಂದುವರಿಯಬೇಕು. ತಪ್ಪಿದ ಮೇಲೆ ಮನಸ್ಸನ್ನು ಹದಕ್ಕೆ ತರುವುದೂ ಕಲಿಕೆಯ ಒಂದು ಪಾಠ. ಎರಡನೆಯದು: ನಿಮ್ಮ ಅತ್ಯುತ್ತಮ ಕಾಲಕ್ಕಿಂತ ಎರಡು ಸೆಕೆಂಡು ನಿಧಾನವಾಗಿ ಓಡಿಸಿ, ಹತ್ತು ಸುತ್ತುಗಳ ಹರಹು ಒಂದು ಸೆಕೆಂಡಿನೊಳಗೆ ಬರುವವರೆಗೆ ವೇಗವನ್ನು ಹೆಚ್ಚಿಸಬೇಡಿ. ಮೂರನೆಯದು: ಪ್ರತಿ ತಿರುವಿಗೂ ಬ್ರೇಕು ಹಾಕುವ ಗುರುತೊಂದನ್ನು ಆರಿಸಿಕೊಳ್ಳಿ, ದೂರದ ಫಲಕವೋ, ಹಾದಿಯ ಅಂಚಿನ ಬಣ್ಣವೋ ಆಗಬಹುದು. ಒಂದು ದಿನ ಒಂದೇ ತಿರುವನ್ನು ತಿದ್ದಿ. ಹಲವನ್ನು ಒಟ್ಟಿಗೆ ಬದಲಾಯಿಸಿದರೆ ಯಾವ ಕಾರಣಕ್ಕೆ ಯಾವ ಫಲವೆಂಬುದು ತಿಳಿಯದು. ಪ್ರಯೋಗಶಾಲೆಯಲ್ಲಿ ನೀವು ಪಾಲಿಸುವ ನಿಯಮವೇ ಇದು. ನಾಲ್ಕನೆಯದು: ಒಂದು ಟಿಪ್ಪಣಿ ಪುಸ್ತಕದಲ್ಲಿ ಹತ್ತು ಸುತ್ತುಗಳ ಕಾಲಗಳನ್ನೂ ಬರೆಯಿರಿ, ಚೆನ್ನಾದವುಗಳನ್ನು ಮಾತ್ರವಲ್ಲ.

ಐದನೆಯದು ಕಣ್ಣಿಗೆ ಸಂಬಂಧಿಸಿದ್ದು. ಬ್ರಿಟನ್ನಿನ ಮೈಕೆಲ್ ಲ್ಯಾಂಡ್ ಮತ್ತು ಡೇವಿಡ್ ಲೀ ಅವರು, ತಿರುವುಗಳುಳ್ಳ ರಸ್ತೆಯಲ್ಲಿ ಕಾರು ಓಡಿಸುವವರ ದೃಷ್ಟಿ ಎಲ್ಲಿ ನೆಟ್ಟಿರುತ್ತದೆಂಬುದನ್ನು ಅಳೆದು 1994ರಲ್ಲಿ ಪ್ರಕಟಿಸಿದರು. ಚಾಲಕರು ನೋಡುತ್ತಿದ್ದುದು ಕಾರಿನ ಮುಂಭಾಗವನ್ನಲ್ಲ. ತಿರುವಿನ ಒಳ ಅಂಚು ಕಣ್ಣಿಗೆ ಹೊರಳಿದಂತೆ ಕಾಣುವ ದೂರದ ಬಿಂದುವನ್ನು, ಅದೂ ತಿರುಗುವುದಕ್ಕೆ ಒಂದೆರಡು ಸೆಕೆಂಡುಗಳ ಮುಂಚೆಯೇ. ನೇಗಿಲು ಹಿಡಿದವನೂ ಕಾಲಬುಡವನ್ನು ನೋಡದೆ ಬದುವಿನ ಮರವನ್ನು ನೋಡಿ ಸಾಲು ಹೊಡೆಯುವನಲ್ಲವೆ? ಆರನೆಯದು ವಿರಾಮ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪು ಕಲಿಸಿದಾಗ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಅವರು ಕಂಡುಕೊಂಡಂತೆ (1978), ದಿನಕ್ಕೆ ಒಂದು ಗಂಟೆ ಕಲಿತವರು, ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಕಡಿಮೆ ಒಟ್ಟು ಗಂಟೆಗಳಲ್ಲಿ ಅದೇ ಮಟ್ಟವನ್ನು ಮುಟ್ಟಿದರು. ರಾತ್ರಿಯೆಲ್ಲ ಚಕ್ರ ಹಿಡಿದು ಕೂರುವವರು ಇದನ್ನು ನೆನೆಯಬೇಕು. ಉಳಿದ ಗಂಟೆಗಳಿಗೆ ಪಾಠದ ಪುಸ್ತಕಗಳಿವೆಯಷ್ಟೆ.

ಇದಕ್ಕೆ ಎದುರಾಗಿ ಎರಡು ಮಾತುಗಳನ್ನು ಹೇಳುವುದುಂಟು. ಎಲ್ಲೆಯನ್ನು ಮೀರಿ ನೋಡದೆ ಎಲ್ಲೆ ತಿಳಿಯುವುದು ಹೇಗೆ ಎಂಬುದು ಒಂದು. ಇದು ನ್ಯಾಯವಾದ ಪ್ರಶ್ನೆ. ಮೀರಿ ನೋಡಿ, ಅದಕ್ಕಾಗಿಯೇ ಯಂತ್ರವಿದೆ. ಆದರೆ ಅದಕ್ಕೆ ಬೇರೆಯ ಹೊತ್ತನ್ನು ಮೀಸಲಿಡಿ. ಅನ್ವೇಷಣೆಯನ್ನೂ ಅಭ್ಯಾಸವನ್ನೂ ಕಲಸಬೇಡಿ. ಪರದೆಯ ಮೇಲೆ ದೇಹಕ್ಕೆ ಎಳೆತವಿಲ್ಲ, ಮನಸ್ಸಿಗೆ ಭಯವಿಲ್ಲ, ಆದುದರಿಂದ ಅಲ್ಲಿ ಕಲಿತದ್ದು ರಸ್ತೆಗೆ ಬಾರದು ಎಂಬುದು ಇನ್ನೊಂದು. ಇದರಲ್ಲಿ ಅರ್ಧ ಸತ್ಯವಿದೆ. ಎಳೆತ, ಭಯ ಬಾರದಿರಬಹುದು, ರೂಢಿ ಬರುತ್ತದೆ. ನನ್ನ ಆತಂಕವಿರುವುದೂ ಅಲ್ಲಿಯೇ.

ಜರ್ಮನಿಯ ಪೀಟರ್ ಫಿಷರ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಪಾಯಕರವಾಗಿ ಓಡಿಸಿದವನಿಗೆ ಬಹುಮಾನ ಕೊಡುವ ಪಂದ್ಯದ ಆಟಗಳನ್ನು ಆಡಿದವರಲ್ಲಿ, ಸಂಚಾರದ ಸನ್ನಿವೇಶಗಳಲ್ಲಿ ಅಪಾಯಕ್ಕೆ ಮುನ್ನುಗ್ಗುವ ಪ್ರವೃತ್ತಿ ಹೆಚ್ಚಾಗಿ ಕಂಡುಬಂದಿತು. ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಡಿ. ಕೇಂದ್ರ ಸರಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ, 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಮಡಿದರು. ಆ ಸಾವುಗಳಲ್ಲಿ ನೂರಕ್ಕೆ ಸುಮಾರು 71ರಷ್ಟು ಅತಿವೇಗದಿಂದಾದವು. ಮಡಿದವರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45 ವರ್ಷದೊಳಗಿನವರು.

ಮೋರಟಗಿಯ ಆ ಹುಡುಗನೂ ನಾಳೆ ಮೋಟಾರು ಸೈಕಲ್ಲನ್ನೇರಿ ಸಿಂದಗಿಯ ಕಡೆಗೆ ಹೊರಡುತ್ತಾನೆ. ಅಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರು ಹಿಂಬದಿಯ ದೀಪವಿಲ್ಲದೆ ಹೋಗುತ್ತಿರಬಹುದು. ರಸ್ತೆಯ ಅಂಚಿನಲ್ಲಿ ತೊಗರಿಯ ರಾಶಿ ಹರಡಿರಬಹುದು. ಎಮ್ಮೆಯೊಂದು ಅಡ್ಡ ಬರಬಹುದು. ಅಲ್ಲಿ ಮೊದಲಿನಿಂದ ಹೊರಡಿಸುವ ಗುಂಡಿಯಿಲ್ಲ. ಇಪ್ಪತ್ತು ಸಲ ತಪ್ಪಿ ಇಪ್ಪತ್ತೊಂದನೆಯ ಸಲ ಗೆಲ್ಲುವ ರೂಢಿಯವನಿಗೆ ಆ ರಸ್ತೆ ಇಪ್ಪತ್ತು ಸಲ ಕ್ಷಮೆಯನ್ನು ಕೊಡದು. ಕೈಕಾಲುಗಳ ಕೆಲಸವನ್ನು ಒಂದೇ ಹದಕ್ಕೆ ತಂದುಕೊಂಡವನಿಗಾದರೋ, ಅನಿರೀಕ್ಷಿತವಾದುದನ್ನು ನೋಡಲು ಗಮನವು ಬಿಡುವಾಗಿರುತ್ತದೆ. ನಮ್ಮ ರಾಜ್ಯದ ಸಾರಿಗೆ ನಿಗಮಗಳು ಬಸ್ಸಿನ ಚಾಲಕರಿಗೆ ಪದಕ ಕೊಟ್ಟು ಗೌರವಿಸುವುದೂ ಒಂದು ದಿನ ಬೇಗ ಊರು ಮುಟ್ಟಿಸಿದ್ದಕ್ಕಲ್ಲ. ವರ್ಷಗಟ್ಟಲೆ ಅಪಘಾತವಿಲ್ಲದೆ ಬಸ್ಸು ನಡೆಸಿದ್ದಕ್ಕೆ.

ತರುಣರೇ, ಯಂತ್ರವನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಅದರ ಮುಂದೆ ಕುಳಿತಾಗ, ಎಷ್ಟು ವೇಗವಾಗಿ ಓಡಿಸಬಲ್ಲೆನೆಂದು ಕೇಳುವುದಕ್ಕೆ ಮೊದಲು, ಎಷ್ಟು ಸಲ ಒಂದೇ ರೀತಿಯಾಗಿ ಓಡಿಸಬಲ್ಲೆನೆಂದು ಕೇಳಿಕೊಳ್ಳಿರಿ. ಸಾಲು ಸೊಟ್ಟಾದರೆ ಎತ್ತನ್ನು ಮನೆಗೆ ಹೊಳ್ಳಿಸಬೇಡಿ. ಬದುವಿನವರೆಗೆ ಹೋಗಿ, ಹಿಂದಿರುಗಿ ನೋಡಿ, ಎಲ್ಲಿ ಸೊಟ್ಟಾಯಿತೆಂದು ತಿಳಿದುಕೊಂಡು, ಮುಂದಿನ ಸಾಲನ್ನು ನೇರವಾಗಿ ಹೂಡಿರಿ.